ಮುನಿರತ್ನಮ್ಮ ಬೆನ್ನುಚೀಲ ಕೊಂಡದ್ದು

ಚೀಲವನ್ನು ಲೀಟರಿನಲ್ಲಿ ಅಳೆಯುತ್ತಾರೆ ಎಂಬ ಸಂಗತಿ ಮುನಿರತ್ನಮ್ಮನಿಗೆ ತಲೆಯಲ್ಲಿ ಬಿಳಿಕೂದಲು ಬರುವವರೆಗೂ ಗೊತ್ತಿರಲಿಲ್ಲ. ಹಾಲನ್ನು ಅಳೆಯುವುದು ಗೊತ್ತು, ಸೀಮೆಎಣ್ಣೆಯನ್ನು ಅಳೆಯುವುದು ಗೊತ್ತು. ಆದರೆ ಸೇಲಂ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಬ್ಯಾಗ್ ಅಂಗಡಿಯಲ್ಲಿ ಸೆಲ್ವಕುಮಾರ್ "ಎಷ್ಟು ಲೀಟರ್ ಬೇಕು ಅಕ್ಕಾ?" ಎಂದು ಕೇಳಿದಾಗ, ತಾನು ತಪ್ಪಿ ಪಾತ್ರೆ ಅಂಗಡಿಗೆ ನುಗ್ಗಿದೆನೇನೋ ಎಂದು ಆಕೆ ಒಮ್ಮೆ ಗೋಡೆಯ ಕಡೆ ಕಣ್ಣಾಡಿಸಿದಳು. ಗೋಡೆಯ ತುಂಬ ಬ್ಯಾಗುಗಳೇ ನೇತಾಡುತ್ತಿದ್ದವು.

"ನೀರು ತುಂಬೋಕಲ್ಲಪ್ಪಾ, ಬೆಟ್ಟ ಅತ್ತೋಕೆ" ಎಂದಳು.

ಮಾತು ನಡೆದದ್ದು ತಮಿಳಿನಲ್ಲಿ. ಆಕೆಯ ಕನ್ನಡವೇನಿದ್ದರೂ ಮನೆಯ ಹೊಸ್ತಿಲ ಒಳಗೆ. ಕೇಳುವವರ ಅನುಕೂಲಕ್ಕೆ ಎಲ್ಲವನ್ನೂ ಕನ್ನಡದಲ್ಲೇ ಹೇಳಿಬಿಡೋಣ, ಮುನಿರತ್ನಮ್ಮನೇನೂ ಬೇಸರ ಮಾಡಿಕೊಳ್ಳುವವಳಲ್ಲ.

ಬ್ಯಾಗಿನೊಳಗೆ ಎಷ್ಟು ಜಾಗವಿದೆ ಎಂಬುದನ್ನು ಲೀಟರಿನಲ್ಲಿ ಹೇಳುತ್ತಾರೆ ಎಂದು ಸೆಲ್ವಕುಮಾರ್ ವಿವರಿಸಿದ. ಶಾಲೆ ಮಕ್ಕಳಿಗೆ ಇಷ್ಟು, ಒಂದು ದಿನ ಬೆಟ್ಟಕ್ಕೆ ಹೋಗಿಬರುವವರಿಗೆ ಇಪ್ಪತ್ತು, ಡೇರೆ ಹೊತ್ತು ಹೋಗುವವರಿಗೆ ಐವತ್ತು ಅರವತ್ತು. ಬೇರೆ ಯಾರಾದರೂ ಆಗಿದ್ದರೆ ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಿದ್ದರು. ಮುನಿರತ್ನಮ್ಮ ಹೋಗಲಿಲ್ಲ.

"ಅದ್ಸರಿ. ಏನನ್ನ ಸುರಿದು ಅಳೀತಾರೆ? ನೀರು ಸುರಿದ್ರೆ ಸೋರೋಯ್ತದೆ. ಅಕ್ಕಿ ಸುರೀತಾರಾ?"

ಸೆಲ್ವಕುಮಾರ್ ತಲೆ ಕೆರೆದುಕೊಂಡ. ಅಪ್ಪನ ಕಾಲದಿಂದ ಬ್ಯಾಗ್ ಮಾರುತ್ತಿದ್ದರೂ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಗೊತ್ತಿಲ್ಲ ಅಕ್ಕಾ ಎಂದು ಒಪ್ಪಿಕೊಂಡ. ಆ ಒಂದು ಮಾತಿಗೇ ಆಕೆಗೆ ಅಂಗಡಿಯ ಮೇಲೆ ಅರ್ಧ ನಂಬಿಕೆ ಹುಟ್ಟಿತು. ಗೊತ್ತಿಲ್ಲ ಎನ್ನುವ ವ್ಯಾಪಾರಿ ಊರಲ್ಲಿ ಎಷ್ಟು ಜನ ಸಿಗುತ್ತಾರೆ ಹೇಳಿ.

ಮುನಿರತ್ನಮ್ಮ ಹುಟ್ಟಿದ್ದು ಪಾಲಕೋಡಿನ ಪಕ್ಕದ ಹಳ್ಳಿಯಲ್ಲಿ, ಟೊಮ್ಯಾಟೊ ಬೆಳೆಯುವವರ ಮನೆಯಲ್ಲಿ. ಸೋದರಮಾವನ ಮಗ ಪಾಪಣ್ಣನನ್ನು ಮದುವೆಯಾಗಿ ಸೇಲಂಗೆ ಬಂದಳು. ಪಾಪಣ್ಣ ಜವ್ವರಿಸಿ, ಅಂದರೆ ಸಾಬಕ್ಕಿ, ಮಾಡುವ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ, ಮರಗೆಣಸಿನ ಹಿಟ್ಟಿನ ಬಿಳಿಪುಡಿ ಹುಬ್ಬಿಗೆ ಮೆತ್ತಿಕೊಂಡೇ ಮನೆಗೆ ಬರುತ್ತಾನೆ. ಮನೆಯಲ್ಲಿ ಕೂತು ಮುನಿರತ್ನಮ್ಮ ಮಾಡುವುದು ಬೆಳ್ಳಿಯ ಕಾಲ್ಗೆಜ್ಜೆಯ ಕೆಲಸ. ಬೆಳ್ಳಿ ಕೆಲಸ ನಡೆಸುವ ಪೊನ್ನುಸ್ವಾಮಿಯ ಪಟ್ಟರೆ ಎಂಬ ಕೆಲಸದಮನೆಗೆ ಬಸ್ಸಿನಲ್ಲಿ ಹೋಗಿ ಬಿಡಿ ಕೊಂಡಿಗಳನ್ನೂ ಸಣ್ಣ ಗುಂಡುಗಳನ್ನೂ ತೂಕಮಾಡಿಸಿ ತರುವುದು, ಮನೆಯಲ್ಲಿ ಜೋಡಿಸುವುದು, ಮತ್ತೆ ತೂಕ ಕೊಟ್ಟು ಒಪ್ಪಿಸುವುದು. ಸೇಲಂನ ಕಾಲ್ಗೆಜ್ಜೆ ಎಲ್ಲೆಲ್ಲೋ ಯಾರ ಯಾರ ಕಾಲಲ್ಲೋ ಝಣ್ ಎನ್ನುತ್ತದಲ್ಲ, ಅದಕ್ಕೆ ಮೊದಲು ಅದು ಇಂಥ ಯಾವುದೋ ಬೀದಿಮನೆಯ ಚಾಪೆಯ ಮೇಲೆ ಸದ್ದಿಲ್ಲದೆ ಬಿದ್ದಿರುತ್ತದೆ.

ಈ ಕೆಲಸದಲ್ಲಿ ಕಣ್ಣು ಒಂದು ಗೇಣು ದೂರಕ್ಕೆ ಕಟ್ಟುಬಿದ್ದಿರುತ್ತದೆ. ಅದಕ್ಕೇ ಇರಬೇಕು, ಬಟ್ಟೆ ಒಣಹಾಕಲು ಮಹಡಿಗೆ ಹೋದಾಗಲೆಲ್ಲ ಆಕೆಯ ಕಣ್ಣು ಬಡಗಣದ ಏರ್ಕಾಡು ಬೆಟ್ಟಕ್ಕೆ ಓಡುತ್ತಿತ್ತು. ಬೆಳಿಗ್ಗೆ ನೀಲಿ, ಮಧ್ಯಾಹ್ನ ಬೂದಿ, ಮಳೆ ಬಂದ ಮಾರನೆ ದಿನ ಕೈಚಾಚಿದರೆ ಸಿಗುವಷ್ಟು ಹತ್ತಿರ. ಬೆಟ್ಟ ಹೇಗಿದೆ ಎಂಬ ಕುತೂಹಲ ಆಕೆಗೆ ಎಂದೋ ತೀರಿಹೋಗಿತ್ತು. ಉಳಿದದ್ದು ಇನ್ನೊಂದು ಕುತೂಹಲ.

"ಮಾವ, ನಾವು ದಿನಾ ಬೆಟ್ಟ ನೋಡ್ತೀವಲ್ಲ. ಬೆಟ್ಟದ ಮೇಲಿಂದ ನೋಡಿದ್ರೆ ನಾವೆಂಗೆ ಕಾಣ್ತೀವಿ?" ಎಂದು ಒಮ್ಮೆ ಪಾಪಣ್ಣನನ್ನು ಕೇಳಿದ್ದಳು.

"ನೀನು ಇರುವೆಯಂಗೆ ಕಾಣ್ತೀಯ. ನಾನು ಇರುವೆ ಗಂಡನಂಗೆ."

ನಗೆಯಾಡಿದರೂ ಅವನು ಒಂದು ಭಾನುವಾರ ಆಕೆಯನ್ನು ಬಸ್ಸಿನಲ್ಲಿ ಏರ್ಕಾಡಿಗೆ ಕರೆದುಕೊಂಡು ಹೋದ. ಎರಡನೆಯ ತಿರುವಿಗೇ ಆಕೆಗೆ ಹೊಟ್ಟೆ ತೊಳಸಿತು. ಮುಖವನ್ನು ಕವರಿನೊಳಗೆ ಇಟ್ಟುಕೊಂಡು ಹೋದವಳು ಏನನ್ನೂ ನೋಡದೆ ಹಾಗೆಯೇ ಇಳಿದಳು. ಆ ದಾರಿಯಲ್ಲಿ ಅಷ್ಟೊಂದು ತಿರುವುಗಳನ್ನು ಇಟ್ಟವರ ಮೇಲೆ ಆಕೆಗೆ ಇವತ್ತಿಗೂ ಸಿಟ್ಟಿದೆ. ಅವತ್ತಿನಿಂದ ಒಂದು ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು: ಹೋದರೆ ನಡೆದೇ ಹೋಗಬೇಕು.

ಕುತ್ತಿಗೆ ನೋವಿಗೆ ಡಾಕ್ಟರು ನಡೆಯಲು ಹೇಳಿದ್ದು ಈ ಆಸೆಗೆ ದಾರಿಯಾಯಿತು. ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವ ಹೆಂಗಸರ ಗುಂಪೊಂದಿತ್ತು. ಅದನ್ನು ನಡೆಸುತ್ತಿದ್ದವರು ನಿವೃತ್ತ ಡ್ರಿಲ್ ಮಾಸ್ಟರ್ ಈಶ್ವರನ್, ಕೊರಳಲ್ಲಿ ಇನ್ನೂ ಸೀಟಿ ತೂಗುಹಾಕಿಕೊಂಡೇ ಇರುವ ಮನುಷ್ಯ. ಮುನಿರತ್ನಮ್ಮನನ್ನು ಗುಂಪಿಗೆ ಸೇರಿಸಿದ್ದು ಅದೇ ಬೀದಿಯ ಪುಷ್ಪಾ. ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಕೆಲಸದವಳು, ಮೇಟೂರು ಅಣೆಯ ಪಕ್ಕದ ಕೊಳತ್ತೂರಿನ ಕಡೆಯಿಂದ ಮದುವೆಯಾಗಿ ಬಂದವಳು, ಇಡೀ ಗುಂಪಿನಲ್ಲಿ ಕನ್ನಡ ಬರುವ ಇನ್ನೊಬ್ಬಳು. ಮಾತು ಕಡಿಮೆ, ಕೊಟ್ಟ ಮಾತು ಗಟ್ಟಿ.

ತಪ್ಪಲಿನಿಂದ ಹಳೆಯ ಕಾಲುದಾರಿ ಹಿಡಿದು ಬೆಟ್ಟ ಹತ್ತುವುದೆಂದು ಈಶ್ವರನ್ ಮಾಸ್ಟರ್ ಒಂದು ಭಾನುವಾರವನ್ನು ಗೊತ್ತುಮಾಡಿದರು. ಜೊತೆಗೇ ಒಂದು ಕಟ್ಟುಪಾಡು. ಕೈಚೀಲ ಬೇಡ, ಮದುವೆಮನೆಯ ಹಳದಿ ಚೀಲ ಬೇಡ, ವೈರ್ ಬುಟ್ಟಿಯಂತೂ ಬೇಡವೇ ಬೇಡ. ಕೈಯಲ್ಲಿ ಏನಿದ್ದರೂ ಕೋತಿಗಳು ಕಿತ್ತುಕೊಳ್ಳುತ್ತವೆ. ಅದಕ್ಕಿಂತ ಹೆಚ್ಚಾಗಿ, ನಡುವೆ ಒಂದು ಬಂಡೆ ಏರಬೇಕು, ಎರಡೂ ಕೈ ಬಿಡುವಾಗಿರಬೇಕು. "ಬೆನ್ನಿಗೆ ಚೀಲ ಇಲ್ಲದವರು ಬಂಡೆಯ ಕೆಳಗೇ ಕೂತು ನಾವು ಇಳಿಯೋವರೆಗೂ ಕಾಯಬೇಕು" ಎಂದರು. ಮಾಸ್ಟರು ಹೇಳಿದರೆಂದರೆ ಹೇಳಿದಂತೆ.

ಬಂಡೆಯ ಕೆಳಗೆ ಕೂರುವುದಕ್ಕೆ ಅಲ್ಲಿಯವರೆಗೆ ಯಾಕೆ ಹೋಗಬೇಕು, ಕೂರುವ ಕೆಲಸವನ್ನು ಮುನಿರತ್ನಮ್ಮ ಮದುವೆಯಾದಾಗಿನಿಂದ ಮಾಡುತ್ತಲೇ ಇದ್ದಾಳೆ. ಹಾಗಾಗಿ ಬೆನ್ನುಚೀಲ ಕೊಳ್ಳಲೇಬೇಕಾಯಿತು. ಆದರೆ ಭಾನುವಾರಕ್ಕೆ ಮಾತ್ರ ಒಂದು ಚೀಲ, ಉಳಿದ ದಿನಕ್ಕೆ ಇನ್ನೊಂದು ಎನ್ನುವಂಥ ದೌಲತ್ತು ಅವರ ಮನೆಯಲ್ಲಿಲ್ಲ. ವಾರಕ್ಕೊಂದು ದಿನ ದುಡಿದು ಆರು ದಿನ ಮೊಳೆಗೆ ನೇತಾಡುವ ವಸ್ತುವಿಗಿಂತ ಸೋಮಾರಿ ಅಳಿಯನೇ ವಾಸಿ ಎನ್ನುತ್ತಾನೆ ಪಾಪಣ್ಣ. ಬೆಟ್ಟಕ್ಕೂ ಅದೇ, ಬೆಳ್ಳಿಗೂ ಅದೇ ಆಗಬೇಕು.

ಪೇಚು ಶುರುವಾದದ್ದು ಇಲ್ಲೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ, ಬೆಟ್ಟ ಕೇಳುವ ಚೀಲ ಒಂದು, ಬೆಳ್ಳಿ ಕೇಳುವ ಚೀಲ ಇನ್ನೊಂದು.

ಬೆಳ್ಳಿ ಸಾಗಿಸುವ ಪಾಠವನ್ನು ಆಕೆಗೆ ಕಲಿಸಿದ್ದು ಅತ್ತೆ ದೊಡ್ಡಮ್ಮ. ಬೆಳ್ಳಿ ಇರುವ ಚೀಲ ನೋಡಿದರೆ ಯಾರಿಗೂ ಎರಡನೆಯ ಸಲ ನೋಡಬೇಕೆನಿಸಬಾರದು. ಮೇಲೊಂದು ಕಟ್ಟು ನುಗ್ಗೆಸೊಪ್ಪು ಇಣುಕುತ್ತಿರಬೇಕು. ಚೀಲ ಮಡಿಲಲ್ಲಿರಬೇಕು, ನಿಂತರೆ ಹೊಟ್ಟೆಗೆ ಅವುಚಿರಬೇಕು, ಏನೇ ಆದರೂ ಬೆನ್ನಿನ ಕಡೆಗೆ ಹೋಗಬಾರದು. ಮುನಿರತ್ನಮ್ಮ ಆ ಮನೆಗೆ ಬರುವ ಮುಂಚೆ, ದೊಡ್ಡಮ್ಮ ಒಂದೇ ಒಂದು ದಿನ ಕೈ ಸೋತು ಚೀಲವನ್ನು ಹೆಗಲ ಹಿಂದಕ್ಕೆ ಹಾಕಿಕೊಂಡಿದ್ದಳಂತೆ. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರೋ ಬ್ಲೇಡು ಹಾಕಿದರು. ಇಳಿದು ನೋಡಿದರೆ ಸೊಪ್ಪು ಮಾತ್ರ ಉಳಿದಿತ್ತು. ಆ ಬೆಳ್ಳಿಯ ಋಣ ತೀರುವವರೆಗೆ ಮನೆಯವರೆಲ್ಲ ತಲೆ ಬಗ್ಗಿಸಿ ದುಡಿದರು. ಅಂದಿನಿಂದ ದೊಡ್ಡಮ್ಮನ ಬಾಯಲ್ಲಿ ಒಂದೇ ಮಂತ್ರ: "ಬೆನ್ನಿಗೆ ಕಣ್ಣಿಲ್ಲ, ಬೆಳ್ಳಿಗೆ ಬಾಯಿಲ್ಲ." ಹೊಸ ಸೊಸೆಗೆ ಒಲೆ ತೋರಿಸುವ ಮೊದಲು ಈ ಮಾತು ಹೇಳಿಕೊಟ್ಟಳು. ದೊಡ್ಡಮ್ಮ ಹೋಗಿ ಎಷ್ಟೋ ವರ್ಷವಾಯಿತು, ಮಾತು ಮಾತ್ರ ಸೊಸೆಯ ಮೈಯೊಳಗೆ ಉಳಿದುಕೊಂಡಿದೆ.

ಈಗ ಅಂಗಡಿಗೆ ಬರೋಣ. ಸೆಲ್ವಕುಮಾರ್ ಮೂರು ಬ್ಯಾಗ್ ತೆಗೆದು ಮೇಜಿನ ಮೇಲಿಟ್ಟ.

ಮೊದಲನೆಯದು ನವಿಲುನೀಲಿ. ಅದರ ಮೈಯೆಲ್ಲ ಜೇಬು. ಜೇಬಿನೊಳಗೊಂದು ಜೇಬು, ಅದರ ಪಕ್ಕಕ್ಕೆ ಬಲೆಯ ಜೇಬು. "ಬೆಟ್ಟಕ್ಕೆ ಓಗೋರೆಲ್ಲ ಇದನ್ನೇ ಕೇಳ್ತಾರೆ ಅಕ್ಕಾ" ಎಂದ. ಎದೆಯ ಮುಂದೆ ಕಟ್ಟಿಕೊಳ್ಳುವ ಪಟ್ಟಿಯ ಕೊಕ್ಕೆಯಲ್ಲಿ ಏನೋ ತೂತು ಕಂಡು ಇದ್ಯಾಕೆ ಎಂದು ಮುನಿರತ್ನಮ್ಮ ಕೇಳಿದಳು. ಸೀಟಿ, ಕಾಡಿನಲ್ಲಿ ದಾರಿ ತಪ್ಪಿದರೆ ಊದಲಿಕ್ಕೆ ಎಂದ. ಆಕೆ ಬಗ್ಗಿ ಊದಿಯೇಬಿಟ್ಟಳು. ಬೀದಿಯಲ್ಲಿ ಹೋಗುತ್ತಿದ್ದ ಆಟೋ ಒಂದು ಗಕ್ಕನೆ ನಿಂತಿತು.

"ಪರವಾಯಿಲ್ಲ, ಬಸ್ಸಲ್ಲಿ ಯಾರಾದ್ರೂ ಕೈ ಆಕಿದ್ರೂ ಊದಬೌದು" ಎಂದು ಆಕೆ ಮೆಚ್ಚಿಕೊಂಡಳು.

ಎರಡನೆಯದು ಕಪ್ಪು. ಅದರ ಬಾಯಿ ಹೊರಗಡೆ ಇರಲೇ ಇಲ್ಲ, ಬೆನ್ನಿಗೆ ಒತ್ತುವ ಕಡೆ ಇತ್ತು. ಕಳ್ಳರಿಗೆ ಜಿಪ್ ಸಿಗಬಾರದೆಂದು ಹೀಗೆ ಮಾಡಿದ್ದಾರೆ ಎಂದಾಗ ಮುನಿರತ್ನಮ್ಮನ ಕಣ್ಣು ಅರಳಿತು. ಇದನ್ನು ಯೋಚಿಸಿದವನ ಮನೆಯಲ್ಲೂ ಒಬ್ಬ ದೊಡ್ಡಮ್ಮ ಇದ್ದಿರಬೇಕು ಎನಿಸಿತು. ಮೂರನೆಯದು ಬೂದಿಬಣ್ಣದ್ದು, ನೋಡಲು ಸಪ್ಪೆ. ಸೆಲ್ವಕುಮಾರ್ ಅದನ್ನು ಸುಮ್ಮನೆ ಸಂಖ್ಯೆಗೆಂದು ಇಟ್ಟಿದ್ದ.

ಆಕೆ ಕರವಸ್ತ್ರದ ಗಂಟು ಬಿಚ್ಚಿ ಒಂದು ಹಿಡಿ ಸಾಸಿವೆ ತೆಗೆದು ನೀಲಿ ಬ್ಯಾಗಿನೊಳಗೆ ಸುರಿದಳು.

"ಎನ್ನಾ ಅಕ್ಕಾ ಇದು?" ಎಂದು ಸೆಲ್ವಕುಮಾರ್ ಹೌಹಾರಿದ.

"ಇರಪ್ಪಾ, ತಾಳು."

ಬ್ಯಾಗನ್ನು ಚೆನ್ನಾಗಿ ಅಲುಗಿಸಿದಳು, ಹೆಗಲಿಗೆ ಹಾಕಿ ಅಂಗಡಿಯೊಳಗೆ ಎರಡು ಸುತ್ತು ಬಂದಳು, ಮೇಜಿನ ಮೇಲೆ ಕಾಗದ ಹಾಸಿ ಬ್ಯಾಗನ್ನು ತಲೆಕೆಳಗೆ ಮಾಡಿ ಕೊಡವಿದಳು. ಮುಕ್ಕಾಲು ಸಾಸಿವೆ ಬಿತ್ತು, ಉಳಿದದ್ದು ಜೇಬುಗಳ ಮೂಲೆಯಲ್ಲಿ, ಹೊಲಿಗೆಯ ಸಂದಿಯಲ್ಲಿ ಅಡಗಿ ಕೂತಿತು. ಕಾಲ್ಗೆಜ್ಜೆಯ ಅತಿ ಸಣ್ಣ ಗುಂಡು ಸಾಸಿವೆಯಷ್ಟೇ ಇರುತ್ತದೆ. ಗುಂಡು ಕಟ್ಟಿಟ್ಟ ಪೊಟ್ಟಣ ಒಮ್ಮೊಮ್ಮೆ ಬಿಚ್ಚಿಕೊಳ್ಳುತ್ತದೆ. ಕೊಟ್ಟ ತೂಕಕ್ಕೂ ತಂದ ತೂಕಕ್ಕೂ ಹೊಂದದಿದ್ದರೆ ಪಟ್ಟರೆಯಲ್ಲಿ ಯಾರೂ ಬೈಯುವುದಿಲ್ಲ, ಸುಮ್ಮನೆ ಮುಖ ನೋಡುತ್ತಾರೆ. ಆ ನೋಟಕ್ಕಿಂತ ಬೈಗುಳವೇ ಮೇಲು. ಬೆಳ್ಳಿ ಕೆಲಸದವರು ನೆಲ ಗುಡಿಸಿದ ಕಸವನ್ನೂ ಬಿಸಾಡುವುದಿಲ್ಲ, ಸವೆದ ಚಾಪೆಯನ್ನು ಸುಟ್ಟು ಬೂದಿಯಿಂದ ಬೆಳ್ಳಿ ತೆಗೆಯುತ್ತಾರೆ. ಅಂಥವರಿಗೆ ಜೇಬು ಹೆಚ್ಚಿದ್ದಷ್ಟೂ ತಲೆನೋವು ಹೆಚ್ಚು. ನೀಲಿ ಬ್ಯಾಗ್ ಅಲ್ಲಿಗೇ ಬಿದ್ದುಹೋಯಿತು.

ಕಪ್ಪು ಬ್ಯಾಗಿನ ಸರದಿ. ಅದರ ಒಳಗೂ ಕಪ್ಪು. ಸಾಸಿವೆ ಸುರಿದ ಕ್ಷಣವೇ ಮಾಯ, ಬಾವಿಗೆ ಬಿದ್ದ ಹಾಗೆ. ಕಳ್ಳನಿಗೆ ಕಾಣದ್ದು ಮನೆಯವಳಿಗೂ ಕಾಣದಿದ್ದರೆ ಏನು ಲಾಭ? ಅದನ್ನು ಹಾಕಿಕೊಂಡು ನೋಡಿದರೆ ಬೆನ್ನಿಗೆ ಹಲಗೆ ಕಟ್ಟಿದಂತೆ. ಗಾಳಿಯಾಡುವ ಜಾಗವೇ ಇಲ್ಲ, ಬೆಟ್ಟದಲ್ಲಿ ಬೆವರು ಕಿತ್ತುಕೊಂಡು ಬರುತ್ತದೆ ಎಂದು ಸೆಲ್ವಕುಮಾರನೇ ಹೇಳಿದ. ಆ ಹೊತ್ತಿಗೆ ಅವನಿಗೂ ಸಾಸಿವೆಯ ಹುಚ್ಚು ಹಿಡಿದಿತ್ತು. "ಇರಿ ಅಕ್ಕಾ, ಇದಕ್ಕೆ ನಾನು ಆಕ್ತೀನಿ" ಎಂದು ಬೂದಿ ಬ್ಯಾಗಿಗೆ ತಾನೇ ಸುರಿದು, ತಾನೇ ಅಂಗಡಿಯೊಳಗೆ ಕುಣಿದು, ತಾನೇ ಕೊಡವಿದ. ಒಳಗೆ ಮಾಸಲು ಹಳದಿ ಬಟ್ಟೆ, ಹೊಲಿಗೆಯ ಮೇಲೆಲ್ಲ ಪಟ್ಟಿ ಕಟ್ಟಿ ಮುಚ್ಚಿದ್ದರು. ಸಾಸಿವೆ ಪೂರ್ತಿ ಕಾಗದಕ್ಕೆ ಬಂದು ಬಿತ್ತು. ಇಬ್ಬರೂ ಬಗ್ಗಿ ಒಳಗೆಲ್ಲ ಹುಡುಕಿ, ಒಂದೂ ಸಿಗದೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಇನ್ನು ಮೈಗೆ ಒಗ್ಗಬೇಕಲ್ಲ. ಸೀರೆಯ ಮೇಲೆ ಹೆಗಲ ಪಟ್ಟಿ ಕೂತರೆ ಸೆರಗು ಜಾರುತ್ತದೆ. ಅದಕ್ಕೆ ಉಪಾಯ ಆಕೆಗೆ ಹಳ್ಳಿಯಿಂದಲೇ ಗೊತ್ತಿತ್ತು. ಹೊಲದ ಕೆಲಸಕ್ಕೆ ಹೋಗುವ ಹೆಂಗಸರು ಮಾಡುವ ಹಾಗೆ ಸೀರೆಯ ಮೇಲೆ ಗಂಡನ ಹಳೆ ಶರ್ಟು ತೊಟ್ಟರೆ ಆಯಿತು. ಎದೆಪಟ್ಟಿ ತಾಳಿಸರವನ್ನು ಕಚ್ಚಿಕೊಳ್ಳುತ್ತಿತ್ತು. ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸಬಹುದೆಂದು ಸೆಲ್ವಕುಮಾರ್ ತೋರಿಸಿದ. ಸೊಂಟದ ಪಟ್ಟಿ ಯಾಕೆ ಎಂದು ಕೇಳಿದಳು. ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ ಎಂದ. ನಂಬಲಿಲ್ಲ. ಅಂಗಡಿಯಲ್ಲಿದ್ದ ನೀರಿನ ಬಾಟಲಿಗಳನ್ನೆಲ್ಲ ತುಂಬಿಸಿಕೊಂಡು, ಪಟ್ಟಿ ಬಿಗಿದು, ಬಿಚ್ಚಿ, ಮತ್ತೆ ಬಿಗಿದು ನೋಡಿದಳು. ನಿಜವೇ. ಹುಡುಗಿಯಾಗಿದ್ದಾಗ ಬಿಂದಿಗೆಯನ್ನು ಸೊಂಟಕ್ಕೆ ಒರಗಿಸಿಕೊಂಡು ನಡೆದ ಅದೇ ಹಗುರ. ಇಷ್ಟು ವರ್ಷ ಕುತ್ತಿಗೆಯೊಂದೇ ಯಾಕೆ ಹೊತ್ತಿತು ಎಂದು ಆಕೆಗೆ ತನ್ನ ಮೇಲೇ ಕನಿಕರ ಹುಟ್ಟಿತು.

ಬ್ಯಾಗು ಮನೆಗೆ ಬಂತು. ಪಾಪಣ್ಣ ಅದರ ಪಟ್ಟಿಗಳನ್ನೆಲ್ಲ ಎಳೆದು ನೋಡಿ, "ಇದೇನೇ, ಎತ್ತಿಗೆ ಕಟ್ಟೋ ಅಗ್ಗಕ್ಕಿಂತ ಜಾಸ್ತಿ ಐತಲ್ಲ. ಮೂಗುದಾರ ಎಲ್ಲಿ?" ಎಂದ.

"ಸುಮ್ನಿರು ಮಾವ. ನಿನಗ್ಬೇಕಾದ್ರೆ ಆಕ್ತೀನಿ."

ಆ ವಾರ ಪಟ್ಟರೆಗೆ ಅದರಲ್ಲೇ ಹೋಗಿಬಂದಳು. ಬೂದಿಬಣ್ಣದ ಬ್ಯಾಗಿನ ಬಾಯಿಯಿಂದ ನುಗ್ಗೆಸೊಪ್ಪು ಇಣುಕುತ್ತಿತ್ತು, ಯಾರೂ ತಿರುಗಿ ನೋಡಲಿಲ್ಲ. ಬ್ಯಾಗನ್ನು ಎದೆಯ ಕಡೆಗೆ ತಿರುಗಿಸಿ ಹಾಕಿಕೊಂಡಿದ್ದಳು, ಕೈ ಎರಡೂ ಅದರ ಮೇಲೆ. ತಾನು ಹಾಗೆ ಹಾಕಿಕೊಂಡಿದ್ದೇನೆ ಎಂಬುದೂ ಆಕೆಯ ಗಮನಕ್ಕೆ ಬರಲಿಲ್ಲ. ಮೀನಿಗೆ ನೀರಿನ ಗಮನ ಇರುತ್ತದೆಯೇ.

ಭಾನುವಾರ ಬೆಳಿಗ್ಗೆ ತಪ್ಪಲಿನಲ್ಲಿ ಗುಂಪು ಸೇರಿತು. ಮುನಿರತ್ನಮ್ಮ ಸೀರೆಯ ಮೇಲೆ ಪಾಪಣ್ಣನ ಶರ್ಟು ತೊಟ್ಟು, ಎದೆಯ ಮೇಲೆ ಬ್ಯಾಗು ಹೊತ್ತು, ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದಳು. ಈಶ್ವರನ್ ಮಾಸ್ಟರ್ ನೋಡಿದರು.

"ಅಮ್ಮಾ, ಬ್ಯಾಗು ಉಲ್ಟಾ ಆಗಿದೆ."

ಆಕೆ ನಾಲಿಗೆ ಕಚ್ಚಿಕೊಂಡು ಬೆನ್ನಿಗೆ ತಿರುಗಿಸಿದಳು. ಗುಂಪು ನಡೆಯತೊಡಗಿತು. ಹಾದಿಯಲ್ಲಿ ಕೇಳುವುದಕ್ಕೆ ಎಷ್ಟೊಂದು! ಈ ಬಳ್ಳಿಗೆ ಹೆಸರೇನು, ಆ ಹಕ್ಕಿ ಯಾಕೆ ಒಂದೇ ಸಮನೆ ಬೈಯುತ್ತಿದೆ, ಕಲ್ಲಿನ ಮೇಲೆ ಈ ಬಿಳಿ ಗೆರೆ ಹೇಗೆ ಬಂತು. ಮಾಸ್ಟರಿಗೆ ಗೊತ್ತಿದ್ದಷ್ಟು ಹೇಳಿದರು, ಗೊತ್ತಿಲ್ಲದ್ದಕ್ಕೆ ಸೀಟಿ ಊದಿದರು. ಇಷ್ಟರಲ್ಲಿ ಬ್ಯಾಗು ಮತ್ತೆ ಎದೆಗೆ ಬಂದಿತ್ತು. ಯಾವಾಗ ಬಂತೋ ಆಕೆಗೇ ತಿಳಿಯದು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ ಸಾಲಿನಲ್ಲಿ ಎಲ್ಲರ ಚೀಲವೂ ಹಿಂದೆ, ಈಕೆಯದೊಂದು ಮುಂದೆ. ಕಾಲು ಎಲ್ಲಿಡುತ್ತಿದ್ದೇನೆಂದು ಕಾಣದೆ ಬೇರು ಎಡವಿ ಮುಗ್ಗರಿಸಿದಳು. ಮೊಣಕಾಲು ತರಚಿತು. ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಮುಂದೆ.

ಹೀಗೇ ಬಂಡೆಯ ಬುಡ ಬಂತು. ಅಲ್ಲಿ ದಾರಿ ಮುಗಿದು ಕಲ್ಲಿನ ಇಳಿಜಾರು, ಹಿಡಿಯಲು ಬೇರು, ಕಾಲಿಡಲು ಸಂದಿ. ಮೊದಲು ಹೋದವರು ಮೇಲೆ ನಿಂತು ಕೈಬೀಸುತ್ತಿದ್ದರು. ಮುನಿರತ್ನಮ್ಮ ಬ್ಯಾಗನ್ನು ಬೆನ್ನಿಗೆ ಹಾಕಿ, ಎದೆಪಟ್ಟಿ ಬಿಗಿದು, ಬಲಗೈಯಲ್ಲಿ ಬೇರು ಹಿಡಿದಳು. ಎಡಗೈ ತಾನೇ ತಾನಾಗಿ ಬೆನ್ನ ಹಿಂದೆ ಹೋಗಿ ಬ್ಯಾಗನ್ನು ಹಿಡಿದುಕೊಂಡಿತು.

"ಎರಡೂ ಕೈ ಅಮ್ಮಾ!" ಎಂದರು ಮಾಸ್ಟರು.

ಕೈ ಮುಂದೆ ತಂದಳು. ಬೆನ್ನ ಹಿಂದೆ ಯಾರೋ ನಿಂತಿದ್ದಾರೆ, ಬ್ಲೇಡು ಈಗ ಬೀಳುತ್ತದೆ ಎಂದು ಚರ್ಮಕ್ಕೆಲ್ಲ ಅನಿಸುತ್ತಿತ್ತು. ಕೈ ಮತ್ತೆ ಹಿಂದಕ್ಕೆ ಹೋಯಿತು.

"ಅದರಲ್ಲಿ ಅಂಥದ್ದೇನಿದೆ?" ಎಂದು ಮೇಲಿಂದ ಒಬ್ಬಳು ಕೂಗಿದಳು.

"ಹುಳಿಯನ್ನ" ಎಂದಳು ಮುನಿರತ್ನಮ್ಮ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆಕೆಗೂ ಗೊತ್ತಿತ್ತು. ಹುಳಿಯನ್ನ, ನೀರು, ಒಂದು ಟವೆಲು, ಇಷ್ಟೇ. ಅದನ್ನು ಕದಿಯಲು ಈ ಕಾಡಿಗೆ ಕೋತಿ ಬಿಟ್ಟರೆ ಯಾರೂ ಬರುವುದಿಲ್ಲ. ತಲೆಗೆ ಗೊತ್ತಿದೆ, ಬೆನ್ನಿಗೆ ಹೇಳುವವರು ಯಾರು? ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಅತ್ತೆಮನೆಯಲ್ಲಿ ಕಲಿತದ್ದು, ಅದೇ ಇಷ್ಟು ಬೇರುಬಿಟ್ಟಿತ್ತು.

ಮಾಸ್ಟರು ಒರಟರಲ್ಲ, ಆದರೆ ಜವಾಬ್ದಾರಿ ಅವರದು. "ಒಂದು ಕೈಯಲ್ಲಿ ನಿಮ್ಮನ್ನು ಹತ್ತಿಸಲಾರೆ ಅಮ್ಮಾ. ಬ್ಯಾಗನ್ನು ನಾನು ತಗೊಂಡು ಹೋಗಲೇ?" ಎಂದರು.

ಬೇರೆಯವರ ಕೈಗೆ ಚೀಲ ಕೊಡುವುದೇ! ತಲೆ ತಾನಾಗಿ ಅಡ್ಡಡ್ಡ ಆಡಿತು. "ಹಾಗಾದರೆ ಇಲ್ಲೇ ಕೂತಿರಿ. ಮಧ್ಯಾಹ್ನಕ್ಕೆ ಇಳಿದು ಬರ್ತೀವಿ."

ಮುನಿರತ್ನಮ್ಮ ಕಲ್ಲಿನ ಮೇಲೆ ಕೂತಳು. ನಾಚಿಕೆ ಒಂದು ಕಡೆ, ಸಿಟ್ಟು ಒಂದು ಕಡೆ. ಸಿಟ್ಟು ಮಾಸ್ಟರ ಮೇಲಲ್ಲ, ದೊಡ್ಡಮ್ಮನ ಮೇಲೂ ಅಲ್ಲ. ಹುಳಿಯನ್ನವನ್ನು ಬೆಳ್ಳಿಯಂತೆ ಅಪ್ಪಿಕೊಂಡು ಕೂತ ತನ್ನ ಈ ಎರಡು ಕೈಗಳ ಮೇಲೆ. ಇಷ್ಟು ವರ್ಷ ಕಾದ ಬೆಟ್ಟ, ಅರ್ಧಕ್ಕೆ ಬಂದು ಹೀಗಾಯಿತಲ್ಲ ಎಂದು ಕಣ್ಣಲ್ಲಿ ನೀರೇ ಬಂತು.

ಎಲ್ಲರೂ ಹತ್ತಿಹೋದರೂ ಪುಷ್ಪಾ ಹೋಗಿರಲಿಲ್ಲ. ಅವಳು ನಕ್ಕೂ ಇರಲಿಲ್ಲ. ಹತ್ತಿರ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಅಕ್ಕಾ, ನೀ ಮುಂದೆ ಅತ್ತು. ನಾ ಇಂದ್ಗಡೆ ಬತ್ತೀನಿ. ನಿನ್ ಬ್ಯಾಗ್ ನಾ ನೋಡ್ಕೋತೀನಿ."

"ಅದ್ರಲ್ಲಿ ಏನೂ ಇಲ್ಲ ಪುಷ್ಪಾ. ನನಗೂ ಗೊತ್ತು."

"ಇರ್ಲಿ. ಏನೂ ಇಲ್ದೆ ಓದ್ರೂ ನೋಡ್ಕೋತೀನಿ. ಕಣ್ಣು ತೆಗಿಯಲ್ಲ. ನೀ ತಿರುಗಿ ನೋಡ್ಬ್ಯಾಡ, ಅಷ್ಟೇ."

ಮುನಿರತ್ನಮ್ಮ ಅವಳ ಮುಖ ನೋಡಿದಳು. ತಮಾಷೆ ಇರಲಿಲ್ಲ. ಅನ್ನದ ಹಂಡೆಯ ಮುಂದೆ ಕಾವಲು ನಿಂತವಳ ಮುಖ ಹೇಗಿರುತ್ತದೆಯೋ ಹಾಗಿತ್ತು. ಆಕೆ ಎದ್ದಳು. ಪಟ್ಟಿ ಬಿಗಿದಳು. ಬಲಗೈಯಲ್ಲಿ ಬೇರು, ಎಡಗೈಯಲ್ಲಿ ಕಲ್ಲಿನ ಅಂಚು. ಎಡಗೈ ಒಮ್ಮೆ ಹಿಂದಕ್ಕೆ ಹೊರಟಿತು. "ಇದೀನಿ ಅಕ್ಕಾ" ಎಂದಿತು ಹಿಂದಿನ ದನಿ. ಕೈ ಅಲ್ಲೇ ನಿಂತಿತು. ಮುಂದಿನ ಸಂದಿ, ಮುಂದಿನ ಬೇರು. "ಇದೀನಿ." ಬಂಡೆಯ ತಲೆಯ ಮೇಲೆ ಈಶ್ವರನ್ ಮಾಸ್ಟರ್ ಕೈಕೊಟ್ಟು ಎಳೆದುಕೊಂಡಾಗ ಆಕೆಯ ಎರಡು ಅಂಗೈಯಲ್ಲೂ ಪಾಚಿಯ ಹಸಿರು ಮೆತ್ತಿತ್ತು.

ಅಲ್ಲಿಂದಾಚೆ ನಡಿಗೆಯೇ ಬೇರೆ. ಮುಂದೆ ಏನೂ ಅಡ್ಡವಿಲ್ಲದೆ ಆಕೆಗೆ ತನ್ನ ಕಾಲು ಕಂಡಿತು, ಕಾಲಡಿಯ ಇರುವೆಸಾಲು ಕಂಡಿತು, ಕಾಡುಕರಿಬೇವಿನ ಗಿಡ ಕಂಡಿತು. ಎಲೆ ಕಿತ್ತು ಮೂಸಿದಳು, ಬಿದ್ದ ಕಾಯನ್ನು ಒಡೆದು ನೋಡಿದಳು. ಖಾಲಿ ಕೈಗೆ ಇಷ್ಟು ಕೆಲಸವಿದೆ ಎಂದು ಆಕೆಗೆ ಗೊತ್ತೇ ಇರಲಿಲ್ಲ. ಆಗಾಗ "ಪುಷ್ಪಾ?" ಎನ್ನುವಳು, "ಇದೀನಿ" ಎಂದು ಉತ್ತರ ಬರುವುದು. ಒಂದು ತಿರುವಿನಲ್ಲಿ ಪಡುವಣದ ಕಡೆ ಮರಗಳು ಬಿಟ್ಟುಕೊಟ್ಟವು. "ಅಗೋ ಮೇಟೂರು ಅಣೆಯ ನೀರು!" ಎಂದು ಮಾಸ್ಟರು ಬೊಟ್ಟುಮಾಡಿದರು. ಬಹಳ ದೂರದಲ್ಲಿ, ಬಿಸಿಲಿಗೆ ಹಿಡಿದ ತಟ್ಟೆಯ ಹಾಗೆ ಒಂದು ಹೊಳಪು. ಎಲ್ಲರೂ ಓಹೋ ಎಂದರು, ಫೋಟೋ ತೆಗೆದರು. ಮುನಿರತ್ನಮ್ಮ ಕಣ್ಣು ಕಿರಿದುಮಾಡಿ ಚೆನ್ನಾಗಿ ನೋಡಿಕೊಂಡಳು.

ಕೊನೆಗೂ ಮೇಲೆ ಬಂದರು. ಬೆಟ್ಟದ ಅಂಚಿನಲ್ಲಿ ನಿಂತು ಮುನಿರತ್ನಮ್ಮ ಕೆಳಗೆ ನೋಡಿದಳು. ಸೇಲಂ ಅಲ್ಲಿ ಹರಡಿಕೊಂಡಿತ್ತು. ರೈಲುದಾರಿ ಕಂಡಿತು, ಯಾವುದೋ ಮಿಲ್ಲಿನ ಹೊಗೆ ಕಂಡಿತು. ತನ್ನ ಬೀದಿ ಎಲ್ಲಿರಬಹುದೆಂದು ಲೆಕ್ಕಹಾಕಿ, ಅಲ್ಲ ಇಲ್ಲಿ, ಅಲ್ಲ ಅಲ್ಲಿ ಎಂದು ಮೂರು ಕಡೆ ಬೊಟ್ಟುಮಾಡಿದಳು. ಇರುವೆ ಕಾಣುವುದಿರಲಿ, ಇರುವೆಯ ಮನೆಯೂ ಕಾಣಲಿಲ್ಲ. ಅಷ್ಟೊಂದು ಮನೆ, ಎಲ್ಲೆಡೆ ಯಾರೋ ಏನನ್ನೋ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಾರೆ, ಮೇಲಿಂದ ಒಂದೂ ಗೊತ್ತಾಗುವುದಿಲ್ಲ. ಆಕೆಗೆ ಇದು ಬಹಳ ಹಿಡಿಸಿತು. ಸಂತೋಷಕ್ಕೆ ಜೋರಾಗಿ ನಕ್ಕುಬಿಟ್ಟಳು.

ಹುಳಿಯನ್ನ ಹಂಚಿಕೊಂಡು ತಿನ್ನುವಾಗ ಪುಷ್ಪಾ ಪಡುವಣದ ಕಡೆ ಮುಖಮಾಡಿ ಕೂತಿದ್ದಳು. ಅಲ್ಲಿ ಈಗ ಹೊಗೆಯಂಥ ಮಂಜು ಮುಸುಕಿತ್ತು.

"ನಿಮ್ಮೂರ ಕಡೆ ನೀರು ಎಷ್ಟು ಚೆಂದ ಒಳೀತಿತ್ತಲ್ಲೇ ಪುಷ್ಪಾ" ಎಂದಳು ಮುನಿರತ್ನಮ್ಮ.

"ಊಂ, ಎಲ್ರೂ ಅಂದ್ರು."

"ಅಂದ್ರು ಅಂದ್ರೆ? ನೀ ನೋಡ್ಲಿಲ್ವಾ?"

"ಇಲ್ಲಕ್ಕ. ನಾ ಬ್ಯಾಗ್ ನೋಡ್ತಿದ್ದೆ."

ಎಷ್ಟು ಸರಳವಾಗಿ ಹೇಳಿದಳೆಂದರೆ, ಮುನಿರತ್ನಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬಂಡೆಯಿಂದ ಇಲ್ಲಿಯವರೆಗೆ ಈ ಹೆಂಗಸು ಮರ ನೋಡಿಲ್ಲ, ಹಕ್ಕಿ ನೋಡಿಲ್ಲ, ಹುಟ್ಟಿದೂರಿನ ನೀರು ಕಣ್ಣಳತೆಗೆ ಬಂದರೂ ನೋಡಿಲ್ಲ. ಒಂದು ಬೂದಿ ಬ್ಯಾಗು ನೋಡುತ್ತ ಬೆಟ್ಟ ಹತ್ತಿದ್ದಾಳೆ, ಅದರೊಳಗೆ ಹುಳಿಯನ್ನ ಇದೆ ಎಂದು ಗೊತ್ತಿದ್ದೂ. ಮುನಿರತ್ನಮ್ಮ ತನ್ನ ಪಾಲಿನ ಹಪ್ಪಳವನ್ನು ಅವಳ ಕೈಗಿಟ್ಟಳು.

ಇಳಿಯುವ ಹೊತ್ತಿಗೆ ಸಾಲು ಕಟ್ಟಿದರು. ಪುಷ್ಪಾ ಅಭ್ಯಾಸವಾದವಳಂತೆ ಮುನಿರತ್ನಮ್ಮನ ಹಿಂದೆ ಬಂದು ನಿಂತಳು.

"ಅಲ್ಲಲ್ಲ. ನೀ ಮುಂದೆ ನಡಿ" ಎಂದಳು ಮುನಿರತ್ನಮ್ಮ.

"ನಿನ್ ಇಂದೆ ಯಾರ್ ಬತ್ತಾರೆ?"

"ಯಾರೂ ಬ್ಯಾಡ. ನಡಿ ನೀನು."

ಪುಷ್ಪಾ ಅನುಮಾನಿಸುತ್ತ ಮುಂದೆ ಹೋದಳು, ಎರಡು ಸಲ ತಿರುಗಿ ನೋಡಿದಳು. ಮುನಿರತ್ನಮ್ಮ ಎರಡೂ ಸಲ ಖಾಲಿ ಕೈಗಳನ್ನು ಎತ್ತಿ ತೋರಿಸಿದಳು. ಸಾಲಿನ ಕೊನೆಯವಳು ಆಕೆಯೇ. ಹೊಟ್ಟೆಯೊಳಗೆ ಭಯ ಇಲ್ಲದಿರಲಿಲ್ಲ. ಇತ್ತು, ಬೆನ್ನ ಚರ್ಮ ಈಗಲೂ ಜುಮ್ಮೆನ್ನುತ್ತಿತ್ತು, ಎಡಗೈ ಹಿಂದೆ ಹೋಗಬೇಕೆಂದು ಕಾತರಿಸುತ್ತಿತ್ತು. ಆಕೆ ಅದಕ್ಕೊಂದು ಎಲೆ ಹಿಡಿಯಲು ಕೊಟ್ಟಳು.

ಅಣೆಯ ನೀರು ಕಂಡಿದ್ದ ಆ ತಿರುವು ಬಂದಾಗ ಮಂಜು ಅಷ್ಟಿಷ್ಟು ಸರಿದಿತ್ತು. ಪುಷ್ಪಾ ನಿಂತಳು. ಮುಂದಿನವರು ಇಳಿದುಹೋದರು, ಮಾಸ್ಟರ ಸೀಟಿ ಕೆಳಗಿನಿಂದ ಕೇಳಿತು. ಪುಷ್ಪಾ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡುತ್ತಲೇ ಇದ್ದಳು.

"ತಡ ಆಯ್ತದಾ ಅಕ್ಕಾ?"

"ಇಲ್ಲ, ನೋಡು. ನಾನಿದೀನಿ" ಎಂದಳು ಮುನಿರತ್ನಮ್ಮ. ಬೆನ್ನ ಮೇಲೆ ಬ್ಯಾಗು, ಬ್ಯಾಗಿನ ಹಿಂದೆ ಇಡೀ ಬೆಟ್ಟ, ಅಲ್ಲಿ ಯಾರೂ ಇರಲಿಲ್ಲ. ಪುಷ್ಪಾ ನೋಡಿ ಮುಗಿಸುವವರೆಗೂ ಆಕೆ ಹಿಂದೆ ತಿರುಗಲಿಲ್ಲ.